ಮೂರು ಬೆರಳಗಲದ ಪಟ್ಟಿ

ಅಥವಾ ಆ ಟವೆಲ್ಲು ಹಸಿರಲ್ಲ, ಕೆಂಪು ಚೌಕಳಿಯದಿದ್ದೀತು. ನಮ್ಮ ಬಚ್ಚಲದ ಕನ್ನಡಿಯ ಮೇಲೆ ಟವೆಲ್ಲು ಹೊದಿಸಿ, ಅಂಚುಗಳನ್ನು ಗಾಜಿನಡಿಗೆ ಮಡಚಿ, ಕೂಸನ್ನು ಮಲಗಿಸಿದ ಹಾಗೆ ಕಟ್ಟೆಯ ಮೇಲೆ ಮಲಗಿಸಿ, ಬಡಿಗೇರ ಮಾನಪ್ಪ ಅದಕ್ಕೆ ಬೆನ್ನು ತಿರುಗಿಸಿ ಕೂತದ್ದಾದರೂ ಖಚಿತ ಎಂದು ಬರೆಯಲು ಹೊರಟಿದ್ದೆ. ಅದೂ ಎಷ್ಟು ಖಚಿತವೋ. ಮಾತು ಮಾತ್ರ ಅವನದೇ, ನಾನು ಕಟ್ಟಿದ್ದಲ್ಲ:

“ಕನ್ನಡಿ ಎದುರಿಗಿದ್ರ ನನಗ ಕೆಲಸಾ ಆಗೂದಿಲ್ರಿ ಅಕ್ಕೋರ. ಒಳಗಿದ್ದಾಂವ ಎಡಗೈಲೆ ಕೊಯ್ತಾನ. ಅಂವನ್ನ ನೋಡಕೋತ ಕುಂತ್ರ ನನ್ನ ಬಲಗೈ ತಪ್ಪತೈತಿ.”

ನಾನು ತಳಕಲ್ಲಿನ ಸಾಲೆಯಲ್ಲಿ ಶಿಕ್ಷಕಿ. ಹಾಗಾಗಿ ನಾವಿರುವ ಯಲಬುರ್ಗಾದಲ್ಲೂ ಎಲ್ಲರಿಗೂ ಅಕ್ಕೋರು. ಮಾನಪ್ಪನಿಗೆ ನನ್ನ ಹೆಸರು ಗೊತ್ತಿತ್ತೋ ಇಲ್ಲವೋ, ಕೇಳಿದ ನೆನಪಿಲ್ಲ.

ಆಗಲೇ ಅರವತ್ತು ದಾಟಿದ್ದ. ತೆಳ್ಳನೆಯ ಆಳು, ಮೊಣಕೈಯವರೆಗೆ ಕಟ್ಟಿಗೆಯ ಪುಡಿ, ಹತ್ತಿರ ಬಂದರೆ ಅಗಸೆ ಎಣ್ಣೆಯ ವಾಸನೆ. ಎಡಗಿವಿಯ ಮೇಲೆ ಮೊಂಡು ಪೆನ್ಸಿಲ್ಲು, ಬಲಗಿವಿಯ ಮೇಲೆ ಅರ್ಧ ಸೇದಿ ಆರಿಸಿದ ಬೀಡಿ. ಗಡಿಬಿಡಿಯಲ್ಲಿ ಒಮ್ಮೊಮ್ಮೆ ಬೀಡಿಯಿಂದ ಗೆರೆ ಎಳೆಯಲು ಹೋಗುತ್ತಿದ್ದನಂತೆ. ಇದನ್ನು ನಾನು ಕಂಡದ್ದಲ್ಲ, ನನ್ನ ಗಂಡ ಶರಣಪ್ಪ ಹೇಳಿದ್ದು. ಶರಣಪ್ಪನವರು ಹೇಳಿದ್ದರಲ್ಲಿ ನಾಲ್ಕಾಣೆ ಕಳೆದು ನಂಬಬೇಕು.

ಮಾನಪ್ಪನ ಚೀಲದಲ್ಲಿ ಟೇಪು ಇತ್ತು, ಆದರೆ ಅದನ್ನು ಅವನು ಲೆಕ್ಕಕ್ಕಿಡುತ್ತಿರಲಿಲ್ಲ. ಅಳೆಯಬೇಕಾದ ಜಾಗಕ್ಕೆ ತೆಳ್ಳನೆಯ ಕಡ್ಡಿ ಹಿಡಿದು, ಉಗುರಿನಿಂದ ಒತ್ತಿ, ಅಲ್ಲಿಗೇ ಮುರಿದು, ಆ ಕಡ್ಡಿಯನ್ನು ಜೇಬಿಗೆ ಹಾಕುತ್ತಿದ್ದ. “ಅಂಕಿ ತೆಲಿಯೊಳಗ ಹೋಗಿ ಹೊರಗ ಬರೂದ್ರಾಗ ಬದಲಾಗತಾವ್ರಿ. ಕಡ್ಡಿ ಬದಲಾಗೂದಿಲ್ಲ.” ಊರಿನ ಎಷ್ಟೋ ಬಾಗಿಲು ಕಿಟಕಿಗಳು ಮುರುಕು ಕಡ್ಡಿಗಳಾಗಿ ಅವನ ಗೋಣಿಚೀಲದಲ್ಲಿ ಬಿದ್ದಿದ್ದವು. ಯಾವುದರ ಮೇಲೂ ಗುರುತಿರಲಿಲ್ಲ. ಯಾವ ಕಡ್ಡಿ ಯಾರ ಮನೆಯದು ಎಂದು ಕೇಳಿದರೆ, “ಕಡ್ಡಿಗೆ ಗೊತ್ತಿರತೈತ್ರಿ” ಅನ್ನುತ್ತಿದ್ದ.

ನಾವು ಮನೆ ಕಟ್ಟಿಸಿದಾಗ ಬಚ್ಚಲದ ಬಾಗಿಲನ್ನು ಅವನೇ ಕೂರಿಸಿದ್ದ. ಕೂರಿಸಿ ಹೋದವನು ಮರುದಿನ ಕರೆಯದೆಯೇ ಬಂದ. ಬಂದವನೇ ಬಾಗಿಲು ಬಿಚ್ಚತೊಡಗಿದ. ಮೇಲ್ಗಡೆ ನೂಲಿನಷ್ಟು ಸಂದಿ ಬಿದ್ದಿದೆಯಂತೆ.

ಶರಣಪ್ಪ ಹಲ್ಲುಜ್ಜುತ್ತ ನಿಂತಿದ್ದರು. “ಏ ಮಾನಪ್ಪ, ಬಚ್ಚಲದಾಗ ಯಾರ ಬಂದು ಅಳಿತಾರೋ ಮಾರಾಯ? ಅಷ್ಟು ಸಂದಿಯೊಳಗ ನನ್ನ ಹೆಂಡ್ತಿ ಓಡಿ ಹೋಗ್ತಾಳೇನು?”

“ಅಕ್ಕೋರು ಹೋಗಲಿಕ್ಕಿಲ್ರಿ ಸಾಹೇಬ್ರ. ನನ್ನ ನಿದ್ದಿ ಹೋಗೇತಿ.”

“ನಿನ್ನ ನಿದ್ದಿಗೆ ನಮ್ಮ ಬಾಗಿಲ ಬಲಿ.”

“ನಾಕೂ ಕಡೆ ಒಂದ ಅಳತಿ ಇರಬೇಕ್ರಿ. ಒಂದು ಕಡೆ ಹೆಚ್ಚಾತಂದ್ರ, ಬಡಿಗ್ಯಾ ಏನೋ ಮುಚ್ಚಾಕತ್ತಾನ ಅಂತ ತಿಳೀರಿ.”

ಈ ಕೊನೆಯ ಮಾತು ಈಗ ನನಗೆ ಬೇಕಾದ್ದಕ್ಕೆ ತೀರ ಸರಿಯಾಗಿ ಹೊಂದುತ್ತದೆ. ಅದಕ್ಕೇ ಅನುಮಾನ. ಅವನು ಆಗ ಅಂದದ್ದೋ, ಆಮೇಲೆ ನಾನು ಅವನ ಬಾಯಿಗಿಟ್ಟದ್ದೋ? ಬಾಗಿಲು ಬಿಚ್ಚಿ ಮತ್ತೆ ಕೂರಿಸಿದ್ದು ಮಾತ್ರ ನಿಜ. ಎರಡು ದಿನ ಬಚ್ಚಲಕ್ಕೆ ಅಡ್ಡ ಸೀರೆ ಕಟ್ಟಿಕೊಂಡು ಸ್ನಾನ ಮಾಡಿದ್ದೇವೆ.

ಆ ಬಚ್ಚಲದ ಗೋಡೆಗೆ ಶರಣಪ್ಪ ಕೊಪ್ಪಳದಿಂದ ಒಂದು ಕನ್ನಡಿ ತಂದು ಹಾಕಿದರು. ಚೌಕಟ್ಟಿಲ್ಲದ ಸಾದಾ ಗಾಜು. ತಮ್ಮ ಎತ್ತರಕ್ಕೆ ಮೊಳೆ ಹೊಡೆದರು, ಗಡ್ಡ ಕೆರೆದುಕೊಳ್ಳಲು. ನಾನು ಅವರ ಭುಜಕ್ಕೆ ಬರುವವಳು. ಕನ್ನಡಿಯ ಕೆಳಗಿನ ಅಂಚಿಗೆ ನನ್ನ ಹಣೆ ಬರುತ್ತಿತ್ತು, ಅಷ್ಟೇ. ಕಣ್ಣು ಕಾಣಬೇಕಾದರೆ ತುದಿಗಾಲಲ್ಲಿ ನಿಲ್ಲಬೇಕು. “ನಿನಗ ಹಣಿ ಕಂಡ್ರ ಸಾಕಲ್ಲ, ಟಿಕಳಿ ಹಚ್ಚಾಕ” ಎಂದು ನಗುತ್ತಿದ್ದರು.

ಹಣೆಗೆ ಅಂಟಿಸಿಕೊಳ್ಳುವ ಬಿಂದಿಗೆ ನಮ್ಮಲ್ಲಿ ಟಿಕಳಿ ಅನ್ನುತ್ತಾರೆ. ಸ್ನಾನಕ್ಕೆ ಹೋದ ಹೆಂಗಸು ಮೊದಲು ಅದನ್ನು ತೆಗೆದು ಕನ್ನಡಿಗೆ ಅಂಟಿಸುತ್ತಾಳೆ. ಮುಖ ಒರೆಸಿಕೊಂಡ ಮೇಲೆ ಮತ್ತೆ ಹಣೆಗೆ. ಅಂಟು ಹೋಗಿದ್ದರೆ ಅದು ಕನ್ನಡಿಯ ಮೇಲೇ ಉಳಿಯುತ್ತದೆ, ಹಣೆಗೆ ಹೊಸದು ಬರುತ್ತದೆ. ಹಾಗೆ ನಮ್ಮ ಕನ್ನಡಿಯ ಕೆಳ ಅಂಚಿನಲ್ಲಿ, ನನ್ನ ಕೈ ನಿಲುಕುವಲ್ಲಿ, ಒಂದು ಸಾಲು ಕೂತಿತ್ತು. ಹನ್ನೊಂದು. ಒಮ್ಮೊಮ್ಮೆ ನೆನಪಿನಲ್ಲಿ ಎಣಿಸಿದರೆ ಹದಿನಾಲ್ಕು ಬರುತ್ತವೆ.

ಶರಣಪ್ಪ ಹೋದ ದಿನ ಮುಂಜಾನೆ ನಾನು ಬಚ್ಚಲದಲ್ಲಿದ್ದೆ. ಅವರು ಪಡಸಾಲೆಯಲ್ಲಿ ಬೂಟು ಹಾಕಿಕೊಳ್ಳುತ್ತ ಎದೆ ಹಿಡಿದು ಕೂತರಂತೆ. ಪಕ್ಕದ ಮನೆಯವರು ಬಾಗಿಲು ಬಡಿದರು, ಮಾನಪ್ಪ ಎರಡು ಸಲ ಕೂರಿಸಿದ ಬಾಗಿಲು. ನಾನು ಒದ್ದೆ ಕೂದಲಲ್ಲಿ ಹೊರಬಂದೆ. ಟಿಕಳಿ ಕನ್ನಡಿಯ ಮೇಲಿತ್ತು. ಮತ್ತೆ ಹಣೆಗೆ ಬರಲಿಲ್ಲ. ಮೂರನೆಯ ದಿನ ಅಡುಗೆಮನೆಯಲ್ಲಿ ಯಾರೋ ಹೆಂಗಸು ಇನ್ನೊಬ್ಬಳಿಗೆ ಹೇಳುತ್ತಿದ್ದಳು: “ಮೊದ್ಲ ತಾನ ತಗದಿಟ್ಟಿದ್ಲಂತ ನೋಡವಾ.” ಆ ದನಿ ಯಾರದೆಂದು ನನಗೆ ಗೊತ್ತು. ಕೋಪ ಬರಲಿಲ್ಲ. ಏನೂ ಬರಲಿಲ್ಲ. ಅನ್ನ ಉಂಡೆ, ಸಾಲೆಗೆ ಹೋದೆ, ಮಗ್ಗಿ ಹೇಳಿಸಿದೆ.

ಅತ್ತೆ ಬಂದು ನನ್ನ ಜೊತೆಗಿದ್ದರು. ಅವರ ಊರು ಮಂಗಳೂರು. ಸಮುದ್ರದ್ದಲ್ಲ, ನಮ್ಮ ಯಲಬುರ್ಗಾ ಕಡೆಯದು. ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡವರು, ಹಣೆಗೆ ವಿಭೂತಿ ಮಾತ್ರ. ಒಂದು ದಿನ ಬಚ್ಚಲದಿಂದ ಮುಖ ತೊಳೆಯದೆಯೇ ಹೊರಬಂದರು.

“ಆ ಟಿಕಳಿನ ತಗದರ ಒಗಿಯವಾ, ಇಲ್ಲಾ ಆ ಕನ್ನಡಿನ ತಗದು ಒಗಿ. ನನಗ ಮಾರಿ ತೊಳ್ಕೊಳ್ಳಾಕ ಆಗವಲ್ತು. ಅವು ನನ್ನ ನೋಡತಾವ.”

ಗದರಿದ್ದಲ್ಲ, ಬೇಡಿಕೊಂಡದ್ದು. ಸತ್ತವನು ಅವರ ಮಗ. ಕೆರೆದು ತೆಗೆಯಲು ನಾನು ಎರಡು ಸಲ ಉಗುರು ಹಚ್ಚಿದೆ. ಆ ದಿನದ್ದು ಯಾವುದೆಂದು ತಿಳಿಯಲಿಲ್ಲ. ಎಲ್ಲವೂ ಕುಂಕುಮದ ಬಣ್ಣದವು, ಒಂದೇ ಅಳತೆಯವು. ಕೆರೆದರೆ ಅದೂ ಹೋಗುತ್ತದೆ, ಬಿಟ್ಟರೆ ಅತ್ತೆ ಮುಖ ತೊಳೆಯುವುದಿಲ್ಲ. ಹೀಗಾಗಿ ಮಾನಪ್ಪನಿಗೆ ಹೇಳಿಕಳಿಸಿದೆ. ಶರಣಪ್ಪ ಹೋಗಿ ಆಗ ನಾಲ್ಕು ತಿಂಗಳು.

“ಅಂಚು ಕೈಗೆ ಚುಚ್ಚತೈತಿ ಮಾನಪ್ಪಣ್ಣ. ಒಂದು ಚೌಕಟ್ಟು ಹಾಕಿಕೊಡ್ರಿ” ಎಂದೆ. ಅದಷ್ಟೇ ಹೇಳಿದ್ದು. ಟಿಕಳಿಯ ಮಾತೆತ್ತಲಿಲ್ಲ.

“ಸಾದಾ ಸಾಕೋ, ಹೂವು ಬಳ್ಳಿ ಬೇಕೋರಿ?”

“ಸಾದಾ.”

“ಬಚ್ಚಲದ ಕನ್ನಡಿಗೆ ಹೂವು ಬಳ್ಳಿ ಮಾಡಿಸ್ಕೊಂಡಾರ್ರಿ ಕುಷ್ಟಗಿಯೊಳಗ ಒಬ್ರು. ನವಿಲು ಬ್ಯಾರೆ. ತೆಲಿಗೆ ಎಣ್ಣಿ ಹಚ್ಕೊಳ್ಳಾಕ ನವಿಲು ಯಾಕ ಬೇಕು?”

ಗೋಡೆಯಿಂದ ಕನ್ನಡಿ ಇಳಿಸಿ ಹೊರಗೆ ಒಯ್ದ. ನಾನು ಚಹಾ ಮಾಡಲು ಒಳಹೋದೆ. ಚಹಾ ತರುವಷ್ಟರಲ್ಲಿ ಕನ್ನಡಿ ಟವೆಲ್ಲಿನೊಳಗಿತ್ತು. ಪಕ್ಕದಲ್ಲಿ ನೀರಿನ ಬೋಗುಣಿ, ಹಿಂಡಿದ ಒದ್ದೆ ಪೇಪರಿನ ಮುದ್ದೆ. ಗಾಜು ಒರೆಸಲು ಒದ್ದೆ ಪೇಪರು ಬಳಸುತ್ತಾರೆ. ಉಳಿ ಮಸೆಯುವುದಕ್ಕೂ ನೀರು ಬೇಕು, ಮಸೆದ ಉಳಿ ಒರೆಸಲು ಪೇಪರೂ ಬೇಕು. ಆ ಮುದ್ದೆಯ ಮೇಲೆ ಕೆಂಪು ಇತ್ತೇ? ನಾನು ನೋಡಲಿಲ್ಲ. ನೋಡಬಹುದಿತ್ತು. ಚಹಾದ ಬಟ್ಟಲನ್ನು ಅದರ ಪಕ್ಕದಲ್ಲೇ ಇಟ್ಟಿದ್ದೆ.

ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತು ಮಾಡಿದ. ಬಿಚ್ಚಿದ ಹಳೇ ಮನೆಯದೊಂದು ಸಾಗವಾನಿ ತುಂಡು ತಂದಿದ್ದ, ಎಂದು ನನ್ನ ನೆನಪು. ನಾಲ್ಕು ಪಟ್ಟಿ ಕೊಯ್ದು, ನಯ ಮಾಡಿ, ಗಾಜು ಕೂರಲು ಒಳಗಡೆ ಕಚ್ಚು ಹೊಡೆದ. ಮೂಲೆಗಳನ್ನು ಓರೆ ಕೊಯ್ದು ಒಂದಕ್ಕೊಂದು ಕೂಡಿಸಿ ಬೆಳಕಿಗೆ ಹಿಡಿದ. ಒಂದು ಮೂಲೆಯಲ್ಲಿ ಕೂದಲಿನಷ್ಟು ಬೆಳಕು ಕಂಡಿತು. “ಥೂ ಸೂಳಿಮಗನ” ಎಂದು ಪಟ್ಟಿಗೆ ಬೈದು, ನನ್ನನ್ನು ನೋಡಿ ನಾಲಗೆ ಕಚ್ಚಿಕೊಂಡು ಮತ್ತೆ ಕೊಯ್ದ. ಗಾಜು ಕೂರಿಸುವಾಗ ನಾನು ಇರಲಿಲ್ಲ. ಬೆನ್ನಿಗೆ ತೆಳ್ಳನೆಯ ಹಲಗೆಯಿಟ್ಟು ಸುತ್ತಲೂ ತಲೆಯಿಲ್ಲದ ಸಣ್ಣ ಮೊಳೆ ಬಡಿಯುವ ಸದ್ದು ಒಳಗೆ ಕೇಳುತ್ತಿತ್ತು.

“ಇನ್ನ ಬಿಚ್ಚಂಗಿಲ್ರಿ. ಬಿಚ್ಚಾಕ ಹೋದ್ರ ಗಾಜು ಒಡಿತೈತಿ.”

ನೋಡಿದೆ. ಮೂರು ಕಡೆಯ ಪಟ್ಟಿ ಒಂದು ಬೆರಳಗಲ. ಕೆಳಗಿನದು ಮೂರು ಬೆರಳು, ಟಿಕಳಿ ಸಾಲಿದ್ದ ಜಾಗ ಪೂರ್ತಿ ಅದರಡಿಗೆ. ಮಾಡಿದವನು ನೂಲಿನಷ್ಟು ಸಂದಿಗೆ ನಿದ್ದೆಗೆಟ್ಟ ಮಾನಪ್ಪ.

“ಕೆಳಗ ಯಾಕ ಅಷ್ಟು ಅಗಲ ಮಾಡೀರಿ?”

ಅವನು ಉಳಿಯನ್ನು ಚೀಲಕ್ಕೆ ಹಾಕುತ್ತಿದ್ದ. “ಕೆಳಗ ನೀರು ಕುಂತು ರಸ ಹೋಗಿತ್ರಿ. ಕರ್ರಗ ಕಾಣತಿತ್ತು.”

ಅದೂ ನಿಜವೇ. ಗಾಜಿನ ಹಿಂದಿನ ರಸ, ಆ ಹೊಳೆಯುವ ಲೇಪ, ಅಲ್ಲಲ್ಲಿ ತಿಂದುಹೋಗಿ ಕಪ್ಪಾಗಿತ್ತು.

ಕನ್ನಡಿ ತೂಗು ಹಾಕಲು ಒಳಬಂದವನು ಗೋಡೆಯ ಮುಂದೆ ನಿಂತು ಕೇಳಿದ: “ಯಾರ ಎತ್ತರಕ್ಕ ಹೊಡೀಲ್ರಿ?”

ನಾನು ಮೇಲಿನ ಹಳೇ ಮೊಳೆಯತ್ತ ನೋಡಿದೆ. ಅವನು ಜೇಬಿನಿಂದ ಕಡ್ಡಿ ತೆಗೆದ. “ಇಲ್ಲಿ ಬಂದು ನಿಂದ್ರಿ ಅಕ್ಕೋರ. ಚಪ್ಪಲಿ ಬಿಟ್ಟು.” ನೆಲದಿಂದ ನನ್ನ ಕಣ್ಣಿನವರೆಗೆ ಕಡ್ಡಿಗೆ ಕಡ್ಡಿ ಜೋಡಿಸಿ ಹಿಡಿದು, ಉಗುರೊತ್ತಿ ಮುರಿದ. ಚೌಕಟ್ಟಿನ ಮೂಲೆಗಳ ಮೂಲಕವೇ ಗೋಡೆಗೆ ಮೊಳೆ ಇಳಿಸಿದ. ಗಾಜಿಗೆ ಮತ್ತೆ ಟವೆಲ್ಲು ಹೊದಿಸಿದ್ದ.

“ಮ್ಯಾಲಿನ ಹಳೇ ಮೊಳಿ ಕೀಳ್ಲೇನ್ರಿ?”

“ಇರಲಿ.”

“ಇರಲಿ ಬಿಡ್ರಿ.” ಟವೆಲ್ಲು ಎಳೆದು ಹೆಗಲಿಗೆ ಹಾಕಿಕೊಂಡು, ಕನ್ನಡಿಯತ್ತ ನೋಡದೆ ಹೊರಟುಹೋದ.

ಆ ಬಚ್ಚಲದಲ್ಲಿ ಮೊದಲ ಸಲ ನನ್ನ ಮುಖ ಪೂರ್ತಿ ಕಂಡಿತು. ಹಣೆ, ಕಣ್ಣು, ಗದ್ದ. ಏನಾದರೂ ಅನಿಸೀತೆಂದು ನಿಂತೆ. ನಲ್ಲಿ ತೊಟ್ಟಿಕ್ಕುತ್ತಿತ್ತು, ತಿರುವಿ ಬಿಗಿ ಮಾಡಿದೆ. ಸಂಜೆ ಅತ್ತೆ ಮುಖ ತೊಳೆದು ಬಂದು, “ಛಲೋ ಆತು ಬಿಡವಾ” ಎಂದು ಎರಡು ರೊಟ್ಟಿ ಉಂಡರು.

ಕೊನೆಯ ಸಲ ಮಾನಪ್ಪನನ್ನು ಕಂಡದ್ದು ಗಂಗಾವತಿಯಲ್ಲಿ, ಅವನ ಮಗಳು ಕಾಳಮ್ಮನ ಮನೆಯಲ್ಲಿ. ಎರಡು ವರ್ಷ ಕಳೆದಿದ್ದವು. ಗಂಗಾವತಿಗೆ ತರಬೇತಿಗೆಂದು ಹೋದವಳು ವಿಳಾಸ ಕೇಳಿಕೊಂಡು ಹೋದೆ. ಕಾಳಮ್ಮ ಬಾಗಿಲಲ್ಲೇ ಹೇಳಿದಳು: “ಅಪ್ಪಗ ನೆನಪು ಹಿಂದ ಮುಂದ ಆಗ್ಯಾವ್ರಿ. ಒಮ್ಮೊಮ್ಮೆ ನನ್ನ ಅವ್ವಾ ಅಂತಾನ. ನೀವ್ ಬ್ಯಾಸರ ಮಾಡ್ಕೋಬ್ಯಾಡ್ರಿ.”

ಮಂಚದ ಮೇಲೆ ಕೂತಿದ್ದ. ಎರಡೂ ಕಿವಿಗಳ ಮೇಲೆ ಏನೂ ಇರಲಿಲ್ಲ. ನನ್ನನ್ನು ನೋಡಿದವನೇ, “ಬರ್ರಿ ಅಕ್ಕೋರ, ಬಚ್ಚಲದ ಬಾಗಿಲಾ ಹೆಂಗೈತ್ರಿ?” ಅಂದ.

“ಛಲೋ ಐತ್ರಿ.”

ಕಾಳಮ್ಮ ಒಳಗೆ ಹೋದಾಗ ಕೇಳಿದೆ. ಕೇಳಬೇಕೆಂದೇ ಹೋಗಿದ್ದೆ. “ಮಾನಪ್ಪಣ್ಣ, ಕನ್ನಡಿಗೆ ಚೌಕಟ್ಟು ಹಾಕಿದ್ರಲ್ಲ. ಅದರ ಕೆಳಗಿನ ಅಂಚಿಗೆ ಟಿಕಳಿ ಇದ್ವು. ತಗದ್ರೋ, ಹಂಗ ಬಿಟ್ರೋ?”

“ಬೇವಿನ ಚೌಕಟ್ಟು.”

“ಸಾಗವಾನಿ ಅಲ್ಲೇನ್ರಿ?”

“ಬೇವ್ರಿ. ನೀರಿನ ಜಾಗಾ, ಬೇವಿಗೆ ಹುಳಾ ಹತ್ತೂದಿಲ್ಲ.” ಮಂಡಿಯ ಮೇಲೆ ಬೆರಳಿನಿಂದ ಏನೋ ಅಳೆದ. “ಟಿಕಳಿ ಹಂಗ ಅದಾವ್ರಿ ಒಳಗ. ನಾ ಕೆರಿಯಾಕ ಹೋದೆ. ಸಾಹೇಬ್ರು ಬ್ಯಾಡ ಅಂದ್ರು. ‘ಇರಲಿ ಬಿಡೋ ಮಾನಪ್ಪ, ಆಕಿವು’ ಅಂದ್ರು. ಕನ್ನಡಿನೂ ಅವರ ಹಿಡಕೊಂಡಿದ್ರಲ್ರಿ, ನಾ ಮೊಳಿ ಹೊಡದೆ.”

ಅವನು ನನ್ನ ಹಿಂದೆ ಬಾಗಿಲತ್ತ ನೋಡಿದ.

“ಸಾಹೇಬ್ರು ಬಂದಿಲ್ಲೇನ್ರಿ?”

“ಇಲ್ರಿ.”

“ಭಾಳ ಚಾಷ್ಟಿ ಮಂದಿ, ನಗಸೋರು. ನನ್ನ ನಿದ್ದಿ ಅವರನ್ನ ಕೇಳೇತಿ ಅಂತ ಹೇಳ್ರಿ” ಎಂದು ತಾನೇ ನಕ್ಕ. ಕಾಳಮ್ಮ ಚಹಾ ತಂದಳು. ಕುಡಿದು ಬಸ್ಸಿಗೆ ಹೋದೆ.

ಬಸ್ಸಿನಲ್ಲಿ ಒಂದು ವಿಷಯ ಹೊಳೆಯಿತು. ಚೌಕಟ್ಟಿನ ಮೂಲೆಯಿಂದ ಗೋಡೆಗೆ ಮೊಳೆ ಹೊಡೆಯಬೇಕಾದರೆ ಇನ್ನೊಬ್ಬರು ಅದನ್ನು ಹಿಡಿದು ನಿಂತಿರಲೇಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ನಾನು ಹಿಡಿದ ನೆನಪಿಲ್ಲ. ಮನೆಗೆ ಬಂದು ಅತ್ತೆಯನ್ನು ಕೇಳಿದೆ. “ನಾ ಯಾಕ ಹಿಡೀಲೆವಾ ಆ ಕನ್ನಡಿನ?” ಅಂದರು.

ಆ ವರ್ಷವೇ ಮಾನಪ್ಪ ತೀರಿಕೊಂಡ. ಕಾಳಮ್ಮ ಫೋನು ಮಾಡಿ ಹೇಳುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಅವನ ಕಡ್ಡಿಗಳ ಚೀಲ ಏನಾಯಿತೆಂದು ಕೇಳಿದೆ. “ಯಾವ ಚೀಲಾರಿ?” ಅಂದಳು.

ಹೋದ ತಿಂಗಳು ಅಡುಗೆಮನೆಯ ಕಪಾಟಿಗೆಂದು ಬೇರೊಬ್ಬ ಬಡಿಗೇರ ಬಂದಿದ್ದ. ಕೈ ತೊಳೆಯಲು ಬಚ್ಚಲಕ್ಕೆ ಹೋದವನು ಒಳಗಿನಿಂದಲೇ ಕೂಗಿದ: “ಅಕ್ಕೋರ, ಬೇವಿನ ಚೌಕಟ್ಟಲ್ರಿ ಇದು? ಯಾರು ಮಾಡಿದ್ದು? ಮೂಲಿ ನೋಡ್ರಿ, ಕೂದಲಾ ಹೋಗೂದಿಲ್ಲ. ಆದ್ರ ಕೆಳಗ ಯಾಕ ಇಷ್ಟು ಅಗಲ ಬಿಟ್ಟಾನ?”

“ರಸ ಹೋಗಿತ್ತು” ಎಂದೆ.

ಕಟ್ಟಿಗೆಯ ವಿಷಯದಲ್ಲಿ ಮಾನಪ್ಪನ ನೆನಪೇ ಸರಿ, ನನ್ನದು ತಪ್ಪು. ಶರಣಪ್ಪನವರ ವಿಷಯದಲ್ಲಿ ಅವನದು ತಪ್ಪು. ಅದೊಂದು ನನಗೆ ಗೊತ್ತು, ಅವರು ಹೋಗಿ ನಾಲ್ಕು ತಿಂಗಳಾಗಿತ್ತು. ಟಿಕಳಿಯ ಮಾತನ್ನು ಅವನು ಈ ಎರಡರ ನಡುವೆ ಹೇಳಿದ. ಬೆನ್ನಿನ ಹಲಗೆ ಕಿತ್ತರೆ ತಿಳಿದೀತು, ಕಿತ್ತರೆ ಗಾಜು ಒಡೆಯುತ್ತದೆ. ದಿನಾ ಮುಂಜಾನೆ ಅದರ ಮುಂದೆ ನಿಂತು ಮುಖ ತೊಳೆಯುತ್ತೇನೆ. ಆ ಮೂರು ಬೆರಳಿನ ಹಿಂದೆ ಏನಾದರೂ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅಂದು ಕನ್ನಡಿಯನ್ನು ಯಾರು ಹಿಡಿದಿದ್ದರು ಎಂಬುದೂ ಗೊತ್ತಿಲ್ಲ.