ಕುಂಚ ಒರೆಸಿದ ಗೋಡೆ

ಗೆಳೆಯರೇ, ಗೋಡೆ ಉಳಿಯಿತು! ತೀರಿಕೊಂಡ ನಮ್ಮ ಚಿತ್ರಕಲೆಯ ಮೇಷ್ಟ್ರ ಬಸವನಗುಡಿ ಮನೆಯನ್ನು ನಾಳೆ ಜನರು ನೋಡಲು ತೆರೆಯುತ್ತಿದ್ದೇವೆ. ಇವತ್ತು ನಮ್ಮ ಸಮಿತಿಯ ಅಧ್ಯಕ್ಷರು ಆಳಿನ ಕೈಲಿ ಸುಣ್ಣ ಹೊರಿಸಿಕೊಂಡು ಬಂದುಬಿಟ್ಟರು. ಮೇಷ್ಟ್ರು ವರ್ಷಗಟ್ಟಲೆ ಕುಂಚ ಒರೆಸಿ ಬಣ್ಣಬಣ್ಣವಾದ ಗೋಡೆ ಅವರ ಕಣ್ಣಿಗೆ ಬರೀ ಕೊಳಕು.

“ದಿವಾನರು ಬರ್ತಾರೆ ಕಣ್ರೀ, ಬಳಿದುಬಿಡಿ!”

ನಾನು ಗೋಗರೆದರೂ ಕೇಳಲಿಲ್ಲ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ನೆನೆಸಿದ ಅವರೆಕಾಳಿನ ಕೊಳಗ ತಂದು, ಆ ಗೋಡೆಗೇ ಒರಗಿ ಕೂತು, ಒಂದೊಂದೇ ಕಾಳು ಹಿತುಕತೊಡಗಿದರು.

“ಅಮ್ಮಾ, ಸ್ವಲ್ಪ ಏಳ್ತೀರಾ?”

“ಇದಿಷ್ಟು ಹಿತುಕಿ ಏಳ್ತೀನಪ್ಪ.”

ಸಂಜೆಯಾದರೂ ಏಳಲಿಲ್ಲ. ಕಾದು ಸಾಕಾಗಿ ಅಧ್ಯಕ್ಷರು ಸುಣ್ಣವನ್ನೆಲ್ಲ ಕಾಂಪೌಂಡಿಗೆ ಬಳಿಸಿ ಹೊರಟರು.

“ಈ ಗೋಡೆಗೆ ಸುಣ್ಣ ಹೊಡೆಸೀಂದ್ರೆ” ಎಂದು ಮೇಷ್ಟ್ರ ಜೊತೆ ದಿನಾ ಜಗಳವಾಡುತ್ತಿದ್ದವರೂ ಇದೇ ಅಮ್ಮ. ಆ ಜಗಳವನ್ನು ಮೇಷ್ಟ್ರು ಇವತ್ತು ಗೆದ್ದರು.