ಹಸಿರು ಕಫದ ಗ್ರೇಡು

ಪಿರಿಯಾಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಹೊಗೆಸೊಪ್ಪನ್ನು ಬಣ್ಣ ನೋಡಿ ಗ್ರೇಡ್ ಮಾಡುತ್ತಿದ್ದರು. ಎಲೆಯಿರಲಿ, ನಮ್ಮ ಮನೆಯ ಕಾಫಿಯಿರಲಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ, "ಬಣ್ಣ ಸುಳ್ಳೇಳಕಿಲ್ಲ ಕಣ್ಲಾ" ಎನ್ನುತ್ತಿದ್ದರು. ವರ್ಷಗಳಿಂದ ಕೆಮ್ಮು ಬೇರೆ. ತಮ್ಮ ಕಫವನ್ನೂ ಹಾಗೆಯೇ ಗ್ರೇಡ್ ಮಾಡುತ್ತಿದ್ದರು.

ಒಮ್ಮೆ ಕಫ ಹಸಿರಾಗಿ ಜ್ವರ ಬಂತು. ಹಸಿರೆಂದರೆ ಇನ್ನೂ ಹದವಾಗಿಲ್ಲ ಎಂದು ತೀರ್ಮಾನಿಸಿ, ಹಸಿರು ಸೊಪ್ಪನ್ನು ಬೇಯಿಸಿ ಹಳದಿ ಮಾಡುವ ಬ್ಯಾರನ್ನಿನ ಬಿಸಿ ಗೋಡೆಗೆ ಎದೆಯೊತ್ತಿ ಕೂತರು. ಸಂಜೆಗೆ ಉಸಿರು ಸಿಗದೆ ಒದ್ದಾಡತೊಡಗಿದಾಗ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ.

ಬ್ಯಾರನ್ನಿನ ಕಥೆ ಕೇಳಿ ಡಾಕ್ಟರು ಹಣೆ ಚಚ್ಚಿಕೊಂಡರು. "ಯಜಮಾನ್ರೇ, ನಿಮ್ಮ ಕಫದ ಆ ಹಸಿರು ಬಣ್ಣ, ಕ್ರಿಮಿ ಕಾರೋ ವಿಷ. ಶ್ವಾಸನಾಳದಲ್ಲಿ ಕಫ ಗುಡಿಸೋ ಸಣ್ಣ ಕೂದಲುಗಳಿವೆ. ಈ ವಿಷ ಅವನ್ನ ಮಲಗಿಸಿಬಿಡುತ್ತೆ. ಕಫ ಅಲ್ಲೇ ನಿಲ್ಲುತ್ತೆ, ಕ್ರಿಮಿ ಅದರಲ್ಲೇ ಸಂಸಾರ ಹೂಡುತ್ತೆ."

"ಅಂಗಾರೆ ಬೇಯ್ಸಿದ್ರೆ ಹಳದಿ ಆಗಕಿಲ್ವಾ ಸಾ?"

"ನೀವು ಬೇಯ್ತೀರಿ, ಅಷ್ಟೆ!"

ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್ನು ಬಿದ್ದು ಜ್ವರ ಇಳಿಯಿತು. ಮನೆಗೆ ಹೊರಡುವ ದಿನ ಅವರು ಕಫದ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಒಳಗಿದ್ದುದು ನೀರಿನಷ್ಟು ತಿಳಿ. ಡಾಕ್ಟರ ಮುಖ ಅರಳಿತು, ಇವರದು ಸಪ್ಪಗಾಯಿತು.

"ಬಣ್ಣನೇ ಇಲ್ವಲ್ಲಾ ಸಾ! ಇದ್ನ ಯಾವ ಗ್ರೇಡ್‌ಗೆ ಆಕ್ಲಿ?"