ಓದದೆ ಬಿಟ್ಟ ಕೊನೆಯ ಪುಟ

ಪುಸ್ತಕವೂ ನೆಂಟರ ಹಾಗೆ ಮನೆಗೆ ಬಂದು ಒಂದು ದಿನ ಇದ್ದು ಹೋಗುತ್ತಿದ್ದ ಕಾಲ ಅದು. ಕ್ಯಾಸನೂರಿನ ಹತ್ತಿರದ ನಮ್ಮ ಶಾಲೆಯಲ್ಲಿ ಕಥೆಪುಸ್ತಕ ಇದ್ದದ್ದು ಒಂದೇ ಪ್ರತಿ. ಆರನೇ ಕ್ಲಾಸಿನ ನಾವು ಸರದಿಯ ಮೇಲೆ ಅದನ್ನು ಒಯ್ದು, ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ, ಮರುದಿನ ತರಬೇಕು. ಮೇಷ್ಟ್ರ ಟ್ರಂಕಿನ ನುಸಿಗುಳಿಗೆಯ ವಾಸನೆ ಅದಕ್ಕೆ.

ಬೇಸಿಗೆಯ ಮೊದಲಲ್ಲಿ ನನ್ನ ಸರದಿ ಬಂತು. ಕೇಳಲು ಕೂತವರು ಅಜ್ಜಿ ಮತ್ತು ಚಿಕ್ಕಮ್ಮ. ತಾಯಿಯಿಲ್ಲದ ನನಗೆ ತಲೆ ಬಾಚುತ್ತಿದ್ದವಳು ಚಿಕ್ಕಮ್ಮನೇ. ಕಥೆ ಮುಂದೆಂದೋ ಬರುವ ಕಾಲದ್ದು. ಒಂದು ಪಟ್ಟಣದಲ್ಲಿ ಮೊದಲು ಹಕ್ಕಿಗಳು ಸತ್ತು ಬೀಳುತ್ತವೆ. ಆಮೇಲೆ ಜ್ವರ ಬಂದವರ ಮನೆಗೆ ಗುರುತು ಹಾಕಿ, ಅವರನ್ನು ಕಪ್ಪು ಗಾಡಿಯಲ್ಲಿ ಒಯ್ಯುತ್ತಾರೆ. ಹೋದವರ ಹೆಸರನ್ನು ಯಾರೂ ಎತ್ತುವಂತಿಲ್ಲ. ಒಬ್ಬ ಹುಡುಗಿಯ ಅಮ್ಮನ ಸರದಿ ಬಂದಾಗ ನಾನು ಓದು ನಿಲ್ಲಿಸಿದೆ.

"ಮುಂದೆ ಎಂತ ಆತೇ?" ಎಂದಳು ಅಜ್ಜಿ.

"ಮುಗೀತು" ಎಂದು ಸುಳ್ಳು ಹೇಳಿ ಪುಸ್ತಕ ಮುಚ್ಚಿದೆ.

"ಇದೆಲ್ಲ ನಿಜವಾ ಅಜ್ಜಿ?" ಎಂದು ಕೇಳಿದೆ.

"ಅಚ್ಚು ಹಾಕಿದಾರಲ್ಲೇ. ಸುಳ್ಳನ್ನ ಯಾರಾದ್ರೂ ಅಚ್ಚು ಹಾಕ್ತಾರಾ?"

ಎಂಟು ದಿನದಲ್ಲಿ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸರಕಾರಿ ಜೀಪು ಬಂತು. ಜ್ವರ ಇದೆಯಾ ಎಂದು ವಿಚಾರಿಸಿದವರು ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ನಂಬರು ಬರೆದು ಹೋದರು. ಕಥೆಯಲ್ಲಿನ ಗುರುತೇ ಇದು ಎಂದು ಅಜ್ಜಿ ಸಗಣಿ ಕಲಸಿ ನಂಬರಿನ ಮೇಲೆ ಬಳಿದಳು. ಆ ವಾರವೇ, ಕೊಟ್ಟಿಗೆಗೆ ಒಣ ಎಲೆ ತರಲು ಕಾಡಿಗೆ ಹೋಗಿದ್ದ ಚಿಕ್ಕಮ್ಮನಿಗೆ ಜ್ವರ ಬಂತು. ಅಜ್ಜಿ ಅವಳನ್ನು ಅಟ್ಟದ ಮೇಲೆ ಮಲಗಿಸಿ, "ಯಾರ ಹತ್ರನೂ ಬಾಯಿ ಬಿಡಬ್ಯಾಡ" ಎಂದಳು. ಕೆಳಗೆ ಕುಂಟಾಬಿಲ್ಲೆ ಆಡುವಾಗಲೂ ನನ್ನ ಕಿವಿ ಅಟ್ಟದ ನರಳಾಟದ ಮೇಲೇ ಇರುತ್ತಿತ್ತು. ಒಯ್ದ ಗಂಜಿ ಹಾಗೇ ವಾಪಸು ಬರುತ್ತಿತ್ತು. ಮೂರು ದಿನ ಹೀಗೇ ಕಳೆದವು.

ನಾಲ್ಕನೇ ದಿನ ಶಾಲೆಯಲ್ಲಿ ಮೇಷ್ಟ್ರು ಕಥೆಯ ಕೊನೆ ಹೇಳೆಂದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವರು ಬೈಯಲಿಲ್ಲ. ಸಂಜೆ ಪುಸ್ತಕ ಹಿಡಿದು ಮನೆಗೇ ಬಂದು, ಜಗಲಿಯಲ್ಲಿ ಕೂತು ಕೊನೆಯ ಪುಟ ಓದಿದರು. ಹುಡುಗಿ ತಾನೂ ಗಾಡಿ ಹತ್ತುತ್ತಾಳೆ, ಅಮ್ಮನ ಹೆಸರನ್ನು ದಾರಿಯುದ್ದಕ್ಕೂ ಕೂಗುತ್ತಾಳೆ.

"ತಾಯಿ ಬದುಕ್ತಾಳೇನ್ರೀ ಮೇಷ್ಟ್ರೇ?"

"ಅದನ್ನ ಬರ್ದಿಲ್ಲ ಅಜ್ಜಿ. ಆದ್ರೆ ಒಬ್ಬಳೇ ಹೋಗ್ಲಿಲ್ಲ. ಇದು ಯಾರೋ ಕಟ್ಟಿದ ಕಥೆ. ಜೀಪಿನಲ್ಲಿ ಬಂದವರು ನಿಜವಾದ ಡಾಕ್ಟ್ರು."

ಅಜ್ಜಿ ಅಟ್ಟದ ಕಡೆ ಕೈ ತೋರಿಸಿದಳು.

ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಜೊತೆ ಅಜ್ಜಿಯೂ ಜೀಪು ಹತ್ತಿ ಸೊರಬದ ಆಸ್ಪತ್ರೆಗೆ ಹೋದಳು. ತಿಂಗಳ ಮೇಲೆ ಇಬ್ಬರೂ ತಿರುಗಿ ಬಂದರು. ಬಾಚಣಿಗೆ ಹಿಡಿದರೆ ಚಿಕ್ಕಮ್ಮನ ಕೈ ನಡುಗುತ್ತಿತ್ತು. ಅಷ್ಟರಲ್ಲಿ ಮಕ್ಕಳಿಗೆ ಇಂಥ ಕಥೆ ಓದಿಸಬಾರದೆಂದು ಊರವರು ಗಲಾಟೆ ಮಾಡಿ, ಪುಸ್ತಕ ಟ್ರಂಕು ಸೇರಿತ್ತು.

ಈಗ ಶಿಕಾರಿಪುರದಲ್ಲಿ ಮೊಮ್ಮಗಳ ಶಾಲೆಯಲ್ಲೂ ಅಂಥದೇ ಕತ್ತಲ ಕಾಲದ ಕಥೆಯೊಂದನ್ನು ಓದಲು ಕೊಟ್ಟಿದ್ದಾರೆ. ಅದು ಬೇಡವೆಂಬ ಅರ್ಜಿಗೆ ಸಹಿ ಕೇಳಿಕೊಂಡು ಪಕ್ಕದ ಮನೆಯವರು ಬಂದರು. ನಾನು ಸಹಿ ಹಾಕಲಿಲ್ಲ, ಕಥೆ ಬೇಕು ಎಂದೂ ವಾದಿಸಲಿಲ್ಲ. ಕಥೆಗೆ ಹೆದರಿ ಚಿಕ್ಕಮ್ಮನನ್ನು ಕಳೆದುಕೊಳ್ಳುವುದರಲ್ಲಿದ್ದೆವು. ಅದೇ ಕಥೆ ಕೇಳಿ ಅಜ್ಜಿ ಜೀಪು ಹತ್ತಿದ್ದಳು. ಈಗ ಪ್ರತಿ ಮಗುವಿಗೂ ಒಂದೊಂದು ಪ್ರತಿ ಇದೆ. ಹೆದರಿದ ಮಗುವಿನ ಜಗಲಿಗೆ ಬಂದು ಕೂರುವ ಮೇಷ್ಟ್ರಿಲ್ಲ, ಕೂರಲು ಜಗಲಿಯೂ ಇಲ್ಲ.

ನಿನ್ನೆ ಸಂಜೆ ಮೊಮ್ಮಗಳು ಬಾಗಿಲು ಹಾಕಿಕೊಂಡು ಒಬ್ಬಳೇ ಓದುತ್ತಿದ್ದಳು. ಬಾಗಿಲು ತಟ್ಟಿ, "ಗಟ್ಟಿಯಾಗಿ ಓದೇ, ನನಗೂ ಕೇಳಲಿ" ಎಂದೆ.

"ಮುಗೀತು ಅಜ್ಜಿ" ಎಂದಳು ಒಳಗಿನಿಂದ.

ಮುಗಿದಿರಲಿಲ್ಲ. ಆ ದನಿ ನನಗೆ ಗೊತ್ತು.